ಕುಡ್ತರಿಯ ಕೆರೆದಂಡೆಯ ಇಗರ್ಜಿ: ಮಕ್ಕಳಿಗೆ ಏನನ್ನು ತೋರಿಸಬೇಕು?

ಮಡಗಾಂವ್ ಬಳಗ:

ಎಲ್ಲ ಸದಸ್ಯರಿಗೆ ನಮಸ್ಕಾರ. ಮಡಗಾಂವ್ ಮತ್ತು ಫಾತೋರ್ಡಾ ಸುತ್ತಮುತ್ತ ನೆಲೆಸಿರುವ ನಾವು ಕೆಲವು ಕನ್ನಡ ಕುಟುಂಬದವರು ಬಿಡುವಾದಾಗ ಮಕ್ಕಳನ್ನು ಕರೆದುಕೊಂಡು ಗೋವೆಯ ಒಳನಾಡಿನ ಊರುಗಳನ್ನು ನೋಡಿಬರುವ ಪರಿಪಾಠ ಇಟ್ಟುಕೊಂಡಿದ್ದೇವೆ. ಈ ಸಲ ಸಾಷ್ಟಿ ತಾಲ್ಲೂಕಿನ ಕುಡ್ತರಿಗೆ ಹೋಗಬೇಕೆಂದಿದ್ದೇವೆ. ಮಡಗಾಂವಿನಿಂದ ಹತ್ತು ಕಿಲೋಮೀಟರಿನೊಳಗೆ ಇರುವ ಈ ಊರಿನ ಸಂತ ಅಲೆಕ್ಸ್ ಇಗರ್ಜಿ (ಚರ್ಚು) 1597ರಲ್ಲಿ ಕಟ್ಟಿದ್ದೆಂದು ದಾಖಲಾಗಿದೆ; ಗೋವೆಯ ಅತಿ ಹಳೆಯ ಇಗರ್ಜಿಗಳ ಸಾಲಿಗೆ ಅದು ಸೇರುತ್ತದೆ. ಎರಡು ಗೋಪುರಗಳ ಬಿಳಿಯ ಕಟ್ಟಡ, ಎದುರಿಗೆ ಕೆರೆ, ಅದರಾಚೆ ತೆಂಗಿನ ತೋಟ ಮತ್ತು ಗದ್ದೆಬಯಲು. ಆ ದಾರಿಯಲ್ಲಿ ಹೋದವರೆಲ್ಲರೂ ಒಮ್ಮೆ ವಾಹನ ನಿಲ್ಲಿಸಿ ಫೋಟೊ ತೆಗೆದುಕೊಳ್ಳುತ್ತಾರೆ.

ಫೋಟೊ ತೆಗೆದು ಮರಳುವುದಷ್ಟೇ ಆಗಬಾರದೆಂಬುದು ನಮ್ಮ ಆಸೆ. ಇಂತಹ ದೊಡ್ಡ ಇಗರ್ಜಿ ಪಣಜಿಯಲ್ಲೋ ಹಳೆ ಗೋವೆಯಲ್ಲೋ ಇರುವುದು ಸಹಜ, ಆದರೆ ಭತ್ತ ಬೆಳೆಯುವ ಒಂದು ಹಳ್ಳಿಯ ಕೆರೆಯ ದಂಡೆಗೆ ಅದು ಹೇಗೆ ಬಂತು? ಕೆರೆ ಮೊದಲೋ ಇಗರ್ಜಿ ಮೊದಲೋ? ಅದನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದವರು ಯಾರು? ಬಲ್ಲವರು ವಿವರವಾಗಿ ಬರೆದರೆ ಮಕ್ಕಳಿಗೆ ಸರಿಯಾದ ಸಂಗತಿಯನ್ನೇ ಹೇಳಬಹುದು. ಅರ್ಧಂಬರ್ಧ ಕಥೆಗಳನ್ನು ಹೇಳಿ ಕರೆತರುವುದಕ್ಕೆ ಮನಸ್ಸು ಒಪ್ಪುವುದಿಲ್ಲ.

ಫೋಂಡಾ ಅಧ್ಯಾಪಕ:

ಪ್ರಶ್ನೆ ಕೇಳಿದ ಬಗೆ ಮೆಚ್ಚುಗೆಯಾಯಿತು. ನಾನು ಇತಿಹಾಸದ ಕಡೆಯಿಂದ ಆರಂಭಿಸುತ್ತೇನೆ.

ಕುಡ್ತರಿಯ ನೆರೆಯಲ್ಲೇ ಚಾಂದೋರ್ ಇದೆ. ಅದೇ ಚಂದ್ರಪುರ, ಗೋವೆಯ ಕದಂಬರ ಮೊದಲ ರಾಜಧಾನಿ. ಕನ್ನಡದಲ್ಲಿ ಶಾಸನ ಬರೆಸಿದ ಆ ಅರಸರು 11ನೇ ಶತಮಾನದಲ್ಲಿ ಜುವಾರಿಯ ದಡದ ಗೋಪಕಪಟ್ಟಣಕ್ಕೆ ರಾಜಧಾನಿಯನ್ನು ಸ್ಥಳಾಂತರಿಸಿದರು. ರಾಜಧಾನಿಯೊಂದು ನಿಲ್ಲಬೇಕಾದರೆ ಸುತ್ತಲ ಊರುಗಳಲ್ಲಿ ಅಕ್ಕಿ ಹೇರಳವಾಗಿ ಬೆಳೆಯಬೇಕು, ಅಕ್ಕಿ ಬೆಳೆಯಬೇಕಾದರೆ ನೀರನ್ನು ಹಿಡಿದಿಡುವ ವಿದ್ಯೆ ಇರಬೇಕು. ಕುಡ್ತರಿಯನ್ನು ಇಂದಿಗೂ ಜನ ಸಾಷ್ಟಿಯ ಕಣಜ ಎಂದೇ ಕರೆಯುತ್ತಾರೆ. ಆದ್ದರಿಂದ ಬಯಲು ಮತ್ತು ಬೇಸಾಯ ಇಗರ್ಜಿಗಿಂತ ಬಹಳ ಹಿಂದಿನವು ಎಂದು ಮಕ್ಕಳಿಗೆ ಧೈರ್ಯವಾಗಿ ಹೇಳಿ.

ಬಿಜಾಪುರದ ಆದಿಲಶಾಹಿಯ ಕೈಯಲ್ಲಿದ್ದ ಸಾಷ್ಟಿ ಮತ್ತು ಬಾರ್ದೇಶ್ 1543ರಲ್ಲಿ ಪೋರ್ಚುಗೀಸರಿಗೆ ಸೇರಿದವು. ಬಾರ್ದೇಶ್ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಪಾಲಿಗೆ, ಸಾಷ್ಟಿ ಜೆಸ್ವಿಟ್ ಪಂಥದ ಪಾದ್ರಿಗಳ ಪಾಲಿಗೆ ಹೋಯಿತು. ಇದರ ನಡುವಿನ ಅಧ್ಯಾಯ ನೋವಿನದು, ಅದನ್ನು ಮುಚ್ಚಿಡಬೇಕಾಗಿಲ್ಲ. 1560ರ ದಶಕದಲ್ಲಿ, ವಿಶೇಷವಾಗಿ 1567ರಲ್ಲಿ, ಸಾಷ್ಟಿಯ ದೇವಾಲಯಗಳು ನೆಲಸಮವಾದವು. ಭಕ್ತರು ತಮ್ಮ ದೇವರನ್ನು ಹೊತ್ತು ನದಿ ದಾಟಿ, ಪೋರ್ಚುಗೀಸರ ಆಡಳಿತ ಆಗಿನ್ನೂ ತಲುಪದಿದ್ದ ನಮ್ಮ ಫೋಂಡಾ ಕಡೆಗೆ ಬಂದರು. ಕುಶಸ್ಥಳಿಯ ಮಂಗೇಶ, ಕೆಳಶಿಯ ಶಾಂತಾದುರ್ಗೆ, ವೆರ್ಣೆಯ ಮಹಾಲಸೆ, ಲೋಟ್ಲಿಯ ರಾಮನಾಥ, ಇವರೆಲ್ಲರೂ ಹೀಗೆ ಸಾಷ್ಟಿಯಿಂದ ಬಂದ ದೈವಗಳು. ಕುಡ್ತರಿಗೆ ಹೋಗುವವರು ಇನ್ನೊಂದು ವಾರ ಮಹಾಲಸೆ ಈಗ ನೆಲೆಸಿರುವ ಮಾರ್ದೋಳ ಮತ್ತು ಶಾಂತಾದುರ್ಗೆ ನೆಲೆಸಿರುವ ಕವಳೆಗೂ ಬಂದರೆ ಒಂದೇ ಚರಿತ್ರೆಯ ಎರಡು ದಡಗಳನ್ನು ಕಂಡಂತಾಗುತ್ತದೆ.

ಮಡಗಾಂವ್ ಬಳಗ:

ಸರ್, ಇದನ್ನು ಮಕ್ಕಳೆದುರು ಹೇಗೆ ಹೇಳಬೇಕೆಂಬುದೇ ನಮ್ಮ ಗುಂಪಿನಲ್ಲಿ ಚರ್ಚೆಯಾಗುತ್ತಿದೆ. ಇಗರ್ಜಿಯ ಅಂಗಳದಲ್ಲಿ ನಿಂತು ಈ ಮಾತನ್ನು ಆಡುವುದು ಅಲ್ಲಿನವರಿಗೆ ನೋವುಂಟುಮಾಡುವುದೇ ಎಂಬ ಅಳುಕು ಕೆಲವರಿಗಿದೆ. ಹೇಳದೇ ಇದ್ದರೆ ಸತ್ಯವನ್ನು ಮರೆಮಾಚಿದಂತಾಗುತ್ತದೆ ಎಂಬುದು ಉಳಿದವರ ವಾದ.

ಸಾಷ್ಟಿ ಮೂಲದವ:

ನಾನು ಉಡುಪಿ ಕಡೆಯ ಕ್ರೈಸ್ತ ಕುಟುಂಬದವನು, ಕೆಲಸದ ನಿಮಿತ್ತ ವಾಸ್ಕೊದಲ್ಲಿದ್ದೇನೆ. ಈ ವಿಷಯದಲ್ಲಿ ನನ್ನ ಅನಿಸಿಕೆಯನ್ನು ಹೇಳಲು ಅನುಮತಿ ಬೇಡುತ್ತೇನೆ.

ಅಧ್ಯಾಪಕರು ಹೇಳಿದ್ದೆಲ್ಲವೂ ನಿಜ, ಅದನ್ನು ಯಾವ ಅಂಗಳದಲ್ಲಿ ಬೇಕಾದರೂ ಶಾಂತವಾಗಿ ಹೇಳಬಹುದು. ಅಲ್ಲಿನ ಹಿರಿಯರಿಗೆ ಅದು ಹೊಸ ಸುದ್ದಿಯೇನೂ ಅಲ್ಲ. ಆದರೆ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿ. ಮತಾಂತರಗೊಂಡವರು ಹಡಗಿನಿಂದ ಇಳಿದು ಬಂದವರಲ್ಲ. ನಿನ್ನೆಯವರೆಗೆ ಅದೇ ಕೆರೆಯ ನೀರಿನಲ್ಲಿ ಅದೇ ಗದ್ದೆ ಮಾಡುತ್ತಿದ್ದವರು ಅವರು. ಹೊಸ ದೇವರನ್ನು ಒಪ್ಪಿದ ಮರುದಿನವೂ ನಾಟಿ ಮಾಡಲು ಅದೇ ಕೆಸರಿಗೆ ಇಳಿದರು. ಎಲ್ಲರೂ ಅಲ್ಲೇ ನಿಲ್ಲಲಿಲ್ಲ. 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಶನ್ನಿನ, ಅಂದರೆ ಮತದ್ರೋಹದ ವಿಚಾರಣೆ ನಡೆಸುವ ನ್ಯಾಯಮಂಡಳಿಯ ಭಯ, ಬರಗಾಲ, ತೆರಿಗೆಯ ಹೊರೆ, ಮುಂದೆ 1739ರ ಸುಮಾರಿಗೆ ಸಾಷ್ಟಿ ಮತ್ತು ಬಾರ್ದೇಶಗಳ ಮೇಲೆ ನಡೆದ ಮರಾಠರ ದಾಳಿ, ಹೀಗೆ ಒಂದಾದ ಮೇಲೊಂದು ಕಾರಣ ಒದಗಿಬಂದು ಸಾವಿರಾರು ಕುಟುಂಬಗಳು ದಕ್ಷಿಣಕ್ಕೆ ವಲಸೆ ಹೋದವು. ಹೊನ್ನಾವರ, ಬಸರೂರು, ಕಲ್ಯಾಣಪುರ, ಮಂಗಳೂರು ಕಡೆಗಳಲ್ಲಿ ನೆಲೆ ಕಂಡ ನಮ್ಮ ಪೂರ್ವಿಕರು ಅವರೇ. ಅವರು ಕನ್ನಡವನ್ನೂ ತುಳುವನ್ನೂ ಕಲಿತರು, ಅಲ್ಲಿನ ಅರಸರ ನೆಲದಲ್ಲಿ ಒಕ್ಕಲಾಗಿ ಏಣೇಲು, ಸುಗ್ಗಿ ಎಂಬ ಭತ್ತದ ಎರಡು ಬೆಳೆಗಳನ್ನು ತೆಗೆದರು. ಸಾಷ್ಟಿಯ ಗದ್ದೆಬಯಲಿನಲ್ಲಿ ಕಲಿತ ಬೇಸಾಯ ಅವರ ಕೈಹಿಡಿಯಿತು.

ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ನಮ್ಮ ಮೊಂತಿ ಫೆಸ್ತ್. ಪ್ರತಿ ವರ್ಷ ಸೆಪ್ಟೆಂಬರ್ 8ರಂದು ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ತರುತ್ತೇವೆ. ಸುಲಿದ ಹೊಸ ಭತ್ತದ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತೇವೆ, ಅಂದು ಮೀನು ಮಾಂಸ ಮುಟ್ಟುವುದಿಲ್ಲ. ಗೋವೆಯ ಹಳ್ಳಿಗಳಲ್ಲಿ ಇದೇ ಹಬ್ಬವನ್ನು ಕೊಣ್ಸಾಚೆಂ ಫೆಸ್ತ್ ಎಂದು ಆಗಸ್ಟಿನಲ್ಲೇ ಆಚರಿಸುತ್ತಾರೆ. ಕುಡ್ತರಿಯ ನೆರೆಯೂರು ರಾಯಿಯಲ್ಲಿ ಅದು ಆಗಸ್ಟ್ 5ಕ್ಕೆ ಬರುತ್ತದೆ. ಪಾದ್ರಿಗಳು ಊರವರೊಡನೆ ಗದ್ದೆಗೆ ಹೋಗಿ ಕುಡುಗೋಲಿನಿಂದ ಮೊದಲ ತೆನೆಯನ್ನು ಕೊಯ್ಯುವುದನ್ನು ಒಮ್ಮೆ ನೋಡಿದರೆ, ಕೊರಳ ಹಬ್ಬವನ್ನೋ ಹೊಸತು ಊಟವನ್ನೋ ಬಲ್ಲ ಯಾವ ಕನ್ನಡಿಗನಿಗೂ ವಿವರಣೆ ಬೇಕಾಗುವುದಿಲ್ಲ.

ಕೆರೆ ಏರಿ:

ನಾನು ಹಾವೇರಿ ಜಿಲ್ಲೆಯವನು, ಸಣ್ಣ ನೀರಾವರಿಯಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಈಗ ಮಗಳ ಮನೆಯಲ್ಲಿ, ಮಡಗಾಂವಿನಲ್ಲಿದ್ದೇನೆ. ಇಗರ್ಜಿಯ ವಿಚಾರ ಬಲ್ಲವರು ಬರೆದಿದ್ದಾರೆ. ಕೆರೆಯ ವಿಚಾರವನ್ನು ನನಗೆ ಬಿಡಿ.

ಮೊದಲನೆಯದಾಗಿ, ಅದು ತಾನಾಗಿಯೇ ಆದ ಸರೋವರ ಎಂದು ಮಕ್ಕಳು ತಿಳಿಯಬಾರದು. ಅದು ಮನುಷ್ಯರು ಕಟ್ಟಿದ ಕೆರೆ. ಏರಿ ಇದೆ, ತೂಬು ಇದೆ, ಹೆಚ್ಚಾದ ನೀರು ಹರಿದುಹೋಗಲು ಕೋಡಿ ಇದೆ. ಕುಡ್ತರಿಯಲ್ಲಿ ಇದೊಂದೇ ಅಲ್ಲ, ರಾಯ್‌ತಳೆಂ ಮೊದಲಾದ ಬೇರೆ ಕೆರೆಗಳೂ ಇವೆ. ಗೋವೆಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ನಾಲ್ಕೇ ತಿಂಗಳಲ್ಲಿ ಬಂದು, ಕೆಲವೇ ಕಿಲೋಮೀಟರ್ ಹರಿದು ಜುವಾರಿಯ ಉಪ್ಪುನೀರಿನಲ್ಲಿ ಸೇರಿಹೋಗುತ್ತದೆ. ನಮ್ಮ ಬಯಲುಸೀಮೆಯವರಿಗೆ ಮಳೆ ಸಾಲದು ಎಂಬ ಚಿಂತೆಯಾದರೆ ಇಲ್ಲಿಯವರಿಗೆ ಬಂದ ಮಳೆ ನಿಲ್ಲದು ಎಂಬ ಚಿಂತೆ. ಮಳೆಗಾಲದ ಬೆಳೆಗೆ, ಇಲ್ಲಿನವರು ಸೊರೊದ್ ಎನ್ನುವ ಬೆಳೆಗೆ, ಕೆರೆ ಬೇಕಾಗಿಲ್ಲ. ನವೆಂಬರಿನ ಹೊತ್ತಿಗೆ ಹಿಡಿಯುವ ಎರಡನೆಯ ಬೆಳೆಗೆ, ವಾಯಂಗಣಕ್ಕೆ, ಕೆರೆಯೇ ಆಧಾರ. ಕಣಜ ಎಂಬ ಹೆಸರು ಬಂದದ್ದು ಈ ಎರಡನೆಯ ಬೆಳೆಯ ಬಲದಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ಗದ್ದೆ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ತೂಬಿನಿಂದ ಬಿಟ್ಟ ನೀರು ಮೇಲಿನ ಗದ್ದೆಯ ಬದುವಿನ ಕಂಡಿಯಿಂದ ಕೆಳಗಿನದಕ್ಕೆ, ಅಲ್ಲಿಂದ ಅದರ ಕೆಳಗಿನದಕ್ಕೆ ಇಳಿಯುತ್ತದೆ. ನದಿಯ ಅಂಚಿನ ತಗ್ಗಿನಲ್ಲಿ ಖಾಜನ ಭೂಮಿ ಬರುತ್ತದೆ. ಅಲ್ಲಿ ಒಡ್ಡು ಕಟ್ಟಿ, ಮಾನಸ್ ಎಂಬ ಬಾಗಿಲಿಟ್ಟು, ಭರತದ ಉಪ್ಪುನೀರು ಒಳಬರದಂತೆ ತಡೆದು, ಉಪ್ಪನ್ನು ತಾಳಿಕೊಳ್ಳುವ ಕೊರ್ಗುಟ್ ಎಂಬ ಭತ್ತವನ್ನು ಬೆಳೆಯುತ್ತಿದ್ದರು. ಮೇಲೆ ಸಿಹಿನೀರನ್ನು ಹಿಡಿದಿಡುವ ಏರಿ, ಕೆಳಗೆ ಉಪ್ಪುನೀರನ್ನು ತಡೆಯುವ ಒಡ್ಡು, ಇವೆರಡರ ನಡುವೆ ಊರಿನ ಅನ್ನ. ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಮಕ್ಕಳಿಗೆ ಮೊದಲು ತೋರಿಸಬೇಕಾದದ್ದು ಇದನ್ನು.

ಸಾಧ್ಯವಾದರೆ ತೂಬಿನ ಹತ್ತಿರ ಹೋಗಿ ನೋಡಿ. ಇಂತಹ ಹಳೆಯ ತೂಬುಗಳಲ್ಲಿ ಕಲ್ಲಿನ ಎರಡು ಕಂಬಗಳಿಗೆ ಉದ್ದಕ್ಕೂ ಕಚ್ಚು ಕೊರೆದು, ಅದರೊಳಗೆ ಮರದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಸಂದಿಗೆ ಹುಲ್ಲು ಮತ್ತು ಜೇಡಿಮಣ್ಣು ಮೆತ್ತಿ ನೀರು ನಿಲ್ಲಿಸುತ್ತಾರೆ. ನೀರು ಬೇಕಾದಾಗ ಮೇಲಿನ ಒಂದು ಹಲಗೆ ತೆಗೆದರೆ ಮೇಲಿನ ನೀರಷ್ಟೇ ಹೋಗುತ್ತದೆ, ತಳದ ಹೂಳು ಕದಡುವುದಿಲ್ಲ, ಮೀನು ಉಳಿಯುತ್ತದೆ. ಕಬ್ಬಿಣದ ಗೇಟಿಗೆ ಈ ನಯ ಬರುವುದಿಲ್ಲ.

ಫೋಂಡಾ ಅಧ್ಯಾಪಕ:

ಕೆರೆ ಏರಿ ಅವರ ಬರಹದಿಂದ ಮುಖ್ಯವಾದ ಪ್ರಶ್ನೆಗೆ ದಾರಿ ಸಿಕ್ಕಿತು. ಈ ಹಲಗೆಯನ್ನು ಯಾವಾಗ ತೆಗೆಯಬೇಕು, ಏರಿ ಒಡೆದರೆ ಯಾರು ಮಣ್ಣು ಹೊರಬೇಕು ಎಂಬುದನ್ನೆಲ್ಲ ತೀರ್ಮಾನಿಸುತ್ತಿದ್ದುದು ಗಾಂವ್ಕಾರಿ. ಊರಿನ ಮೂಲ ನಿವಾಸಿ ಕುಟುಂಬಗಳ ಪ್ರತಿನಿಧಿಗಳಾದ ಗಾಂವ್ಕಾರರು ಭೂಮಿಯನ್ನು ಸಾಮೂಹಿಕವಾಗಿ ಹೊಂದಿದ್ದರು. ಗದ್ದೆಗಳನ್ನು ಕಾಲಕಾಲಕ್ಕೆ ಹರಾಜಿನಲ್ಲಿ ಗೇಣಿಗೆ ಕೊಟ್ಟು, ಕೆರೆಯ ಮೀನಿನ ಹಕ್ಕನ್ನೂ ಹರಾಜು ಹಾಕಿ, ಬಂದ ಆದಾಯದಲ್ಲಿ ಏರಿ, ಕಾಲುವೆ, ದೇವಾಲಯ, ಊರಿನ ಕಾವಲು ಎಲ್ಲದರ ಖರ್ಚು ತೂಗಿಸಿ, ಉಳಿದದ್ದನ್ನು ಜೋನ್ ಎಂಬ ಹೆಸರಿನಲ್ಲಿ ಪಾಲು ಹಂಚಿಕೊಳ್ಳುತ್ತಿದ್ದರು. ಪೋರ್ಚುಗೀಸರು ಈ ಪದ್ಧತಿಯನ್ನು ಕಿತ್ತುಹಾಕಲಿಲ್ಲ. ಪಣಜಿ, ಹಳೆ ಗೋವೆಗಳಿರುವ ತಿಸ್ವಾಡಿಯ ಗಾಂವ್ಕಾರಿಯ ರೂಢಿಗಳನ್ನು 1526ರಲ್ಲೇ ಬರವಣಿಗೆಗೆ ಇಳಿಸಿ ಮಾನ್ಯ ಮಾಡಿದರು, ಮುಂದೆ ಇದಕ್ಕೆ ಕೊಮುನಿದಾದ್ ಎಂಬ ಹೆಸರಾಯಿತು. ಇಂದಿಗೂ ಗೋವೆಯಲ್ಲಿ 223 ಕೊಮುನಿದಾದ್‌ಗಳಿವೆ, ಅವು 1961ರ ಸಂಹಿತೆಯ ಪ್ರಕಾರ ನಡೆಯುತ್ತವೆ.

ನಮ್ಮ ಶಾಸನಗಳಲ್ಲಿ ಬರುವ ಬಿತ್ತುವಟ್ಟ ಮತ್ತು ಕಟ್ಟುಗೊಡಗೆಗಳನ್ನು ಓದಿದವರಿಗೆ ಇದು ಪರಿಚಿತ ಲೋಕ. ಕೆರೆಯ ಕೆಳಗಿನ ಗದ್ದೆಯ ಹುಟ್ಟುವಳಿಯಲ್ಲೇ ಒಂದು ಭಾಗವನ್ನು ಕೆರೆಯ ದುರಸ್ತಿಗೆ ಮೀಸಲಿಡುವುದು ಕನ್ನಡ ನಾಡಿನಲ್ಲೂ ಸಾವಿರ ವರ್ಷಗಳ ರೂಢಿ.

ಆದ್ದರಿಂದ ಮಡಗಾಂವ್ ಬಳಗದವರ ಪ್ರಶ್ನೆಗೆ ನನ್ನ ಉತ್ತರ ಇದು: ಮತ ಬದಲಾಯಿತು, ದೇವರು ಬದಲಾದರು, ಅರಸರು ಬದಲಾದರು, ಆದರೆ ನೀರು ಹಂಚುವ ಲೆಕ್ಕದ ಕಡತ ಬದಲಾಗಲಿಲ್ಲ. ದೇವಾಲಯಗಳಿಗೆ ಸಲ್ಲುತ್ತಿದ್ದ ಭೂಮಿಯ ಆದಾಯ ಇಗರ್ಜಿಗಳಿಗೆ ಸಲ್ಲತೊಡಗಿತು. 1759ರಲ್ಲಿ ಪೋರ್ಚುಗಲ್ ಸರ್ಕಾರ ಜೆಸ್ವಿಟರನ್ನೇ ತನ್ನ ರಾಜ್ಯದಿಂದ ಹೊರಹಾಕಿತು. 1835ರಲ್ಲಿ ಉಳಿದ ಸಂನ್ಯಾಸಿ ಪಂಥಗಳನ್ನೂ ರದ್ದುಮಾಡಿತು. ಹಳೆ ಗೋವೆಯ ಎಷ್ಟೋ ಭವ್ಯ ಮಠಗಳು ಅದರ ನಂತರ ಬಿದ್ದುಹೋದವು. ಸಂತ ಅಗಸ್ಟೀನರ ಇಗರ್ಜಿಯ ಮುರಿದ ಗೋಪುರ ಇಂದಿಗೂ ನಿಂತಿದೆ. ಹಳ್ಳಿಯ ಇಗರ್ಜಿಗಳು ಬೀಳಲಿಲ್ಲ. ಅವುಗಳ ಹಿಂದೆ ಒಂದು ಊರು, ಊರಿನ ಹಿಂದೆ ಗದ್ದೆ, ಗದ್ದೆಯ ಹಿಂದೆ ಕೆರೆ ಇತ್ತು.

ಕುಡ್ತರಿ ಸೊಸೆ:

ಎಲ್ಲರ ಬರಹಗಳನ್ನೂ ಓದಿದೆ. ನನ್ನ ತವರು ಕಾರವಾರದ ಕಡೆ, ಮದುವೆಯಾಗಿ ಬಂದು ಕುಡ್ತರಿಯವಳೇ ಆಗಿದ್ದೇನೆ. ನಮ್ಮ ಊರಿನ ಬಗ್ಗೆ ಇಷ್ಟು ಪ್ರೀತಿಯಿಂದ ಬರೆದದ್ದಕ್ಕೆ ಸಂತೋಷವಾಯಿತು. ಆದರೂ ಅಧ್ಯಾಪಕ ಸರ್ ಅವರ ಮಾತಿಗೆ ಒಂದು ತಿದ್ದುಪಡಿಯನ್ನು ಸೂಚಿಸಲೇಬೇಕು.

ಗಾಂವ್ಕಾರಿ ಎಂದರೆ ಇಡೀ ಊರು ಎಂದು ಭಾವಿಸಬೇಡಿ. ಅದರ ಸದಸ್ಯತ್ವ ಗಂಡುಮಕ್ಕಳ ವಂಶಾವಳಿಯಲ್ಲಿ ಬರುವಂಥದ್ದು. ಹೆಣ್ಣುಮಕ್ಕಳಿಗೆ ಅಲ್ಲಿ ಮಾತಿರಲಿಲ್ಲ. ಏರಿಗೆ ಮಣ್ಣು ಹೊತ್ತ, ಕೆಸರಿನಲ್ಲಿ ಬೆನ್ನು ಬಗ್ಗಿಸಿ ನಾಟಿ ಮಾಡಿದ ಕುಣಬಿ ಮತ್ತು ಗಾವಡಾ ಕುಟುಂಬಗಳಿಗೂ ಆ ಸಭೆಯಲ್ಲಿ ಕುರ್ಚಿ ಇರಲಿಲ್ಲ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. 1964ರ ಗೇಣಿ ಕಾಯ್ದೆ ಮತ್ತು ಅದಕ್ಕೆ 1976ರಲ್ಲಿ ಬಂದ ತಿದ್ದುಪಡಿಯಿಂದ ಉಳುವವರಿಗೆ ಭೂಮಿಯ ಹಕ್ಕು ಬಂತು, ಅದು ನ್ಯಾಯವೇ. ಆದರೆ ಗೇಣಿಯ ಆದಾಯ ಕುಗ್ಗಿದ ಕೊಮುನಿದಾದ್ ಏರಿ ಮತ್ತು ಒಡ್ಡುಗಳ ದುರಸ್ತಿಗೆ ಹಣವಿಲ್ಲದೆ ಕೈಚೆಲ್ಲಿತು, ಆ ಕೆಲಸವನ್ನು ಹೊಸ ಒಡೆಯರು ಒಗ್ಗಟ್ಟಾಗಿ ವಹಿಸಿಕೊಳ್ಳಲಿಲ್ಲ. ಒಬ್ಬರ ಹಕ್ಕು ಸಿಕ್ಕಿತು, ಎಲ್ಲರ ಹೊಣೆ ಕಳೆಯಿತು. ಇಗರ್ಜಿಯನ್ನು ಕಾಪಾಡಿದವರು ಯಾರು ಎಂದು ಮಕ್ಕಳು ಕೇಳಿದರೆ ಗಾಂವ್ಕಾರರ ಹೆಸರಿನ ಜೊತೆ ಇವರ ಹೆಸರನ್ನೂ ಹೇಳಿ.

ಸಂತ ಅಲೆಕ್ಸರ ಕಥೆಯನ್ನು ಯಾರೂ ಬರೆಯಲಿಲ್ಲ, ಅದನ್ನು ನಾನೇ ಹೇಳುತ್ತೇನೆ. ರೋಮಿನ ಶ್ರೀಮಂತ ಮನೆತನದ ಮಗ, ಮದುವೆಯ ರಾತ್ರಿಯೇ ಎಲ್ಲವನ್ನೂ ತೊರೆದು ದೂರದ ಎದೆಸ್ಸಾ ಪಟ್ಟಣಕ್ಕೆ ಹೋಗಿ ಭಿಕ್ಷೆ ಬೇಡಿ ಬದುಕಿದರಂತೆ. ವರ್ಷಗಳ ನಂತರ ಮರಳಿ ಬಂದು ತಂದೆಯ ಮನೆಯ ಮೆಟ್ಟಿಲ ಕೆಳಗೇ, ಯಾರೆಂದು ಯಾರಿಗೂ ತಿಳಿಸದೆ, ಮನೆಯ ಆಳುಗಳು ಕೊಟ್ಟದ್ದನ್ನು ಉಂಡು ಕಾಲ ಕಳೆದರಂತೆ. ಸತ್ತ ಮೇಲೆ ಕೈಯಲ್ಲಿದ್ದ ಚೀಟಿಯಿಂದ ಮಗನೆಂದು ತಿಳಿಯಿತಂತೆ. ಅವರ ಹಬ್ಬ ಜುಲೈ 17. ಆ ಹೊತ್ತಿಗೆ ನಮ್ಮಲ್ಲಿ ನಾಟಿ ಮುಗಿದು ಪೈರು ಬೇರು ಹಿಡಿಯುತ್ತಿರುತ್ತದೆ. ನಮ್ಮ ಅತ್ತೆಯವರು ಈ ಕಥೆಯನ್ನು ಹೇಳುವಾಗ, ಮನೆಬಾಗಿಲಿಗೆ ಕೆಲಸ ಕೇಳಿಕೊಂಡು ಬಂದವರನ್ನು ಅನಾದರ ಮಾಡಬಾರದು ಎಂದು ಪ್ರತಿಸಲವೂ ಸೇರಿಸುತ್ತಿದ್ದರು. ಆಗ ಹಾಗೆ ಬರುತ್ತಿದ್ದವರಲ್ಲಿ ಗದಗ, ಬಾಗಲಕೋಟೆ ಕಡೆಯ ನಮ್ಮ ಜನರೇ ಹೆಚ್ಚಾಗಿದ್ದರು.

ಬಾಗಲಕೋಟೆ ಮೇಸ್ತ್ರಿ:

ಅಕ್ಕಾವ್ರೇ, ನಿಮ್ಮ ಅತ್ತೆಯವರ ಮಾತು ಓದಿ ಮನಸ್ಸು ತುಂಬಿ ಬಂತು. ನಾನು ಗಾರೆ ಕೆಲಸದವನು. ತಂದೆಯ ಕಾಲದಿಂದ ನಾವು ಗೋವೆಯಲ್ಲಿದ್ದೇವೆ. ಹಳೆ ಮನೆ ಮತ್ತು ಹಳೆ ಕಪೇಲುಗಳ (ಸಣ್ಣ ಪ್ರಾರ್ಥನಾಮಂದಿರಗಳ) ಗೋಡೆ ದುರಸ್ತಿ ಮಾಡಿದ ಅನುಭವದ ಮೇಲೆ ಎರಡು ಮಾತು ಹೇಳುತ್ತೇನೆ.

ಗೋವೆಯ ಹಳೆಯ ಇಗರ್ಜಿಗಳ ಗೋಡೆ ಬಹುಮಟ್ಟಿಗೆ ಜಂಬಿಟ್ಟಿಗೆ ಕಲ್ಲಿನದು, ಇಲ್ಲಿ ಚಿರೋ ಅನ್ನುತ್ತಾರೆ. ಅದರ ಮೈತುಂಬ ತೂತು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಹಿಂದಿನವರು ಅದಕ್ಕೆ ಸುಣ್ಣದ ಗಾರೆ ಹಚ್ಚಿ, ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದರು. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಈಗ ಅವಸರಕ್ಕೆ ಸಿಮೆಂಟ್ ಪ್ಲಾಸ್ಟರ್ ಹೊಡೆದು ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿಯುತ್ತಾರೆ. ಎರಡು ಮಳೆಗಾಲ ನೋಡಲು ಚೆನ್ನಾಗಿರುತ್ತದೆ. ಆಮೇಲೆ ಒಳಗೆ ಸಿಕ್ಕಿಬಿದ್ದ ತೇವ ಹೊರಬರಲು ದಾರಿ ಕಾಣದೆ ಉಪ್ಪೇಳುತ್ತದೆ, ಪ್ಲಾಸ್ಟರ್ ಹಪ್ಪಳದಂತೆ ಏಳುತ್ತದೆ, ಅದರ ಹಿಂದಿನ ಕಲ್ಲು ಪುಡಿಯಾಗಿರುತ್ತದೆ. ಕೆರೆಯ ಪಕ್ಕದ ಗೋಡೆಗೆ ಬುಡದಿಂದಲೂ ತೇವ ಏರುವುದರಿಂದ ಇನ್ನೂ ಎಚ್ಚರ ಬೇಕು. ಎಲ್ಲಿಯೇ ಆಗಲಿ, ಇಂತಹ ಕಟ್ಟಡಕ್ಕೆ ದೇಣಿಗೆ ಕೊಡುವವರು ಬಣ್ಣಕ್ಕೆ ಕೊಡುವ ಬದಲು ಸುಣ್ಣದ ಕೆಲಸಕ್ಕೆ ಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿ, ಅರಳಿಸಿ, ಮರಳು ಸೇರಿಸಿ ತಿರುವಿ ಹದ ಮಾಡುವ ಕೈ ಇನ್ನೂ ನಮ್ಮವರಲ್ಲಿ ಕೆಲವರಿಗೆ ಉಳಿದಿದೆ. ಕೆಲಸ ಕೊಟ್ಟರೆ ಕೈ ಉಳಿಯುತ್ತದೆ.

ಮಕ್ಕಳು ಹಳೆಯ ಕಿಟಕಿಗಳನ್ನೂ ನೋಡಲಿ. ಗೋವೆಯಲ್ಲಿ ಗಾಜಿನ ಬದಲು ತೆಳ್ಳಗಿನ ಚಿಪ್ಪುಗಳನ್ನು ಮರದ ಚೌಕಟ್ಟಿಗೆ ಕೂಡಿಸುತ್ತಿದ್ದರು. ಆ ಚಿಪ್ಪು ಜುವಾರಿಯ ಚಿಕಳಿ ಕೊಲ್ಲಿಯಲ್ಲಿ ಸಿಗುತ್ತದೆ. ಬಿಸಿಲು ಒಳಗೆ ಬರುತ್ತದೆ, ಕಣ್ಣು ಕುಕ್ಕುವುದಿಲ್ಲ.

ಹೊಸ ಸದಸ್ಯ, ಪಣಜಿ:

ಚರ್ಚೆ ಚೆನ್ನಾಗಿದೆ. ಆದರೆ ಒಂದು ಭಿನ್ನಾಭಿಪ್ರಾಯ. ಇಷ್ಟು ಸುಂದರವಾದ ಸ್ಥಳಕ್ಕೆ ಕೆರೆಯ ಸುತ್ತ ನಡಿಗೆಯ ಹಾದಿ, ದೀಪ, ದೋಣಿವಿಹಾರ ಇವೆಲ್ಲ ಬಂದರೆ ಊರಿಗೆ ಆದಾಯ ಬರುವುದಿಲ್ಲವೇ? ಏರಿಯ ದುರಸ್ತಿಗೆ ಹಣವಿಲ್ಲ ಎಂದು ತಾವೇ ಹೇಳುತ್ತಿದ್ದೀರಿ. ಹಾಸನದ ಶೆಟ್ಟಿಹಳ್ಳಿಯ ಇಗರ್ಜಿಯನ್ನು ನೋಡಲು ಎಲ್ಲಿಂದೆಲ್ಲ ಜನ ಬರುತ್ತಾರೆ.

ಕೆರೆ ಏರಿ:

ಶೆಟ್ಟಿಹಳ್ಳಿಯ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ ಎಂದು ವಿನಯದಿಂದ ಹೇಳಬಯಸುತ್ತೇನೆ. 1860ರ ದಶಕದಲ್ಲಿ ಫ್ರೆಂಚ್ ಮಿಶನರಿಗಳು ಕಟ್ಟಿದ ಆ ಇಗರ್ಜಿ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು. ಊರು ಎದ್ದುಹೋಯಿತು, ಮಾಡು ಹೋಗಿ ಗೋಡೆಗಳಷ್ಟೇ ಉಳಿದವು. ಜನ ನೋಡಲು ಹೋಗುವುದು ಊರಿಲ್ಲದ ಇಗರ್ಜಿಯನ್ನು. ಕುಡ್ತರಿಯಲ್ಲಿ ಊರು ಇದೆ, ಪೂಜೆ ನಡೆಯುತ್ತಿದೆ, ಕೆರೆ ಕೆಲಸ ಮಾಡುತ್ತಿದೆ. ಅಲ್ಲಿಯ ನೀರು ಇಗರ್ಜಿಯನ್ನು ಮುಳುಗಿಸಿತು, ಇಲ್ಲಿಯ ನೀರು ಸಾಕಿತು.

ಆದಾಯ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಕೆರೆಯ ಸುತ್ತ ಕಾಂಕ್ರೀಟ್ ಗೋಡೆ ಎಬ್ಬಿಸಿ ಹಾದಿ ಮಾಡಿದ ಕೂಡಲೇ ಮೂರು ಕೇಡು ಒಟ್ಟಿಗೆ ಬರುತ್ತವೆ. ದಂಡೆಯ ಜೊಂಡು, ಆಳವಿಲ್ಲದ ಅಂಚು ಹೋಗುತ್ತದೆ. ದೇವನಕ್ಕಿ, ಸಿಳ್ಳೆಬಾತು, ಜಂಬುಕೋಳಿಗಳು ಗೂಡು ಕಟ್ಟುವುದು ಅದೇ ಅಂಚಿನಲ್ಲಿ. ಸುತ್ತಲ ಜಮೀನಿನಿಂದ ಬಸಿದು ಬರುವ ನೀರು ನಿಲ್ಲುತ್ತದೆ. ದೋಣಿ ನಡೆಯಬೇಕಾದರೆ ನೀರಿನ ಮಟ್ಟವನ್ನು ಇಳಿಸುವಂತಿಲ್ಲ. ಅಂದರೆ ವಾಯಂಗಣದ ಗದ್ದೆಗೆ ನೀರು ಬಿಡಬೇಕಾದ ದಿನವೇ ಬಿಡಬೇಡಿ ಎಂಬ ಒತ್ತಾಯ ಹುಟ್ಟುತ್ತದೆ. ಗದ್ದೆ ಪಾಳು ಬಿದ್ದರೆ ಅದರ ಮೇಲೆ ಯಾರ ಕಣ್ಣು ಬೀಳುತ್ತದೆ ಎಂಬುದನ್ನು ಗೋವೆಯಲ್ಲಿ ಇರುವವರಿಗೆ ವಿವರಿಸಬೇಕಾಗಿಲ್ಲ.

ಕಾನೂನಿನ ಒಂದು ಸಂದಿಯನ್ನೂ ಗಮನಿಸಬೇಕು. 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳು ನೀರಾವರಿಗೆಂದೇ ಮನುಷ್ಯರು ಕಟ್ಟಿದ ಜಲಾಶಯಗಳನ್ನು, ಭತ್ತದ ಗದ್ದೆಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಸಾವಿರ ಹಕ್ಕಿಗಳಿಗೆ ಆಸರೆಯಾದ ಹಳೆಯ ಕೆರೆಯೂ ಕಾಗದದ ಮೇಲೆ ಬರಿಯ ನೀರಾವರಿ ಕಟ್ಟಡವಾಗಿಬಿಡಬಹುದು. ಅದೇ ಗೋವೆಯಲ್ಲಿ ಕುಡಚಡೆಯ ನಂದಾ ಸರೋವರಕ್ಕೆ 2022ರಲ್ಲಿ ರಾಮ್ಸರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ಮಾನ್ಯತೆ ಸಿಕ್ಕಿತು. ಅಲ್ಲಿಯೂ ತೂಬಿದೆ, ತೂಬಿನ ಕೆಳಗೆ ಭತ್ತ ಬೆಳೆಯುತ್ತಾರೆ. ಬೇಸಾಯ ಮತ್ತು ಹಕ್ಕಿ ಜೊತೆಯಾಗಿ ಬಾಳಬಲ್ಲವು ಎಂಬುದಕ್ಕೆ ಹತ್ತಿರದ ನಿದರ್ಶನ ಬೇಕಾದವರು ಅಲ್ಲಿಗೆ ಹೋಗಿಬರಲಿ.

ಫೋಂಡಾ ಅಧ್ಯಾಪಕ:

ಇದಕ್ಕೆ ಸೇರಿಸಬೇಕಾದ ಒಂದು ಮಾತು. ಭತ್ತದ ಗದ್ದೆಯನ್ನು ಕೃಷಿಕರಲ್ಲದವರಿಗೆ ಮಾರುವುದನ್ನು ನಿರ್ಬಂಧಿಸುವ ಕಾಯ್ದೆಯನ್ನು ಗೋವಾ 2023ರಲ್ಲಿ ಮಾಡಿತು. ಕರ್ನಾಟಕ 2020ರಲ್ಲಿ ನೇರ ವಿರುದ್ಧ ದಿಕ್ಕಿಗೆ ಹೊರಳಿ, ಕೃಷಿಕರಲ್ಲದವರೂ ಜಮೀನು ಕೊಳ್ಳುವುದಕ್ಕೆ ದಾರಿ ಬಿಟ್ಟುಕೊಟ್ಟಿತು. ಎರಡೂ ರಾಜ್ಯಗಳಲ್ಲಿ ಬೇರು ಇರುವ ನಮ್ಮಂಥವರು ಈ ಎರಡರ ಪರಿಣಾಮವನ್ನು ಹತ್ತಿರದಿಂದ ನೋಡಿ ಬರೆಯಬೇಕಾದ ಹೊತ್ತು ಇದು. ಅದಕ್ಕೆ ಬೇರೆಯದೇ ಎಳೆ ಆರಂಭಿಸೋಣ.

ಹೊಸ ಸದಸ್ಯ, ಪಣಜಿ:

ನೀರಿನ ಮಟ್ಟದ ಬಗ್ಗೆ ಹೇಳಿದ್ದು ನನಗೆ ಹೊಳೆದಿರಲಿಲ್ಲ. ಹಾಗಾದರೆ ಊರಿನ ಅಕ್ಕಿಯನ್ನೇ ಒಳ್ಳೆಯ ಬೆಲೆಗೆ ಕೊಳ್ಳುವುದು ಹೆಚ್ಚು ಸರಿಯಾದ ಸಹಾಯವೇ?

ಕುಡ್ತರಿ ಸೊಸೆ:

ಖಂಡಿತವಾಗಿ. ಊರಿನ ಕುಚ್ಚಲಕ್ಕಿಯನ್ನು ಮನೆಯಲ್ಲೇ ಬೇಯಿಸಿ ಒಣಗಿಸುವವರು ಇನ್ನೂ ಇದ್ದಾರೆ. ಕೊಳ್ಳುವವರು ಇದ್ದರೆ ಬೆಳೆಯುವವರು ಬಿಡುವುದಿಲ್ಲ. ನಮ್ಮ ಮನೆಯ ಗಂಡಸರು ಹಡಗಿನ ಕೆಲಸಕ್ಕೋ ಕೊಲ್ಲಿ ದೇಶಗಳಿಗೋ ಹೋದವರು, ಗದ್ದೆ ನೋಡಿಕೊಳ್ಳುತ್ತಿರುವವರು ಬಹುಪಾಲು ಹೆಂಗಸರು ಮತ್ತು ವಯಸ್ಸಾದವರು. ನಾಟಿಯ ಯಂತ್ರ, ಕೊಯ್ಲಿನ ಯಂತ್ರ ಬಂದ ಮೇಲೆ ಸ್ವಲ್ಪ ಸುಲಭವಾಗಿದೆ. ನೀರು ಸರಿಯಾದ ದಿನಕ್ಕೆ ಬಂದರೆ ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಕೆರೆಯಲ್ಲಿ ಈಗ ಜಲಕಳೆ ಹಬ್ಬಿ ನೀರೇ ಕಾಣದಂತಾಗುವುದು ದೊಡ್ಡ ತೊಂದರೆ. ಮನೆಗಳ ಬಚ್ಚಲುನೀರು ಮತ್ತು ಗೊಬ್ಬರದ ಸಾರ ಸೇರಿದಷ್ಟೂ ಅದು ಕೊಬ್ಬುತ್ತದೆ. ಯಂತ್ರದಿಂದ ಎತ್ತಿ ದಂಡೆಯಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೆ ಮತ್ತೆ ಒಳಗೆ ಹೋಗುತ್ತದೆ. ದೂರ ಸಾಗಿಸಿ ಗೊಬ್ಬರ ಮಾಡಬೇಕು.

ಮಡಗಾಂವ್ ಬಳಗ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮ್ಮ ಯೋಜನೆಯನ್ನು ಹೀಗೆ ಬದಲಾಯಿಸಿದ್ದೇವೆ. ಡಿಸೆಂಬರಿನಲ್ಲಿ, ವಾಯಂಗಣಕ್ಕೆ ನೀರು ಬಿಡುವ ದಿನಗಳಲ್ಲಿ ಹೋಗುತ್ತೇವೆ.

ಮೊದಲು ತೂಬು ಮತ್ತು ಗದ್ದೆಬಯಲು, ಆಮೇಲೆ ಇಗರ್ಜಿ, ಹಿಂತಿರುಗುವಾಗ ಚಾಂದೋರ್. ಫೋಂಡಾಕ್ಕೆ ಮತ್ತೊಂದು ರಜೆಯಲ್ಲಿ. ದೇವಾಲಯಗಳ ವಿಚಾರವನ್ನು ಮಕ್ಕಳಿಗೆ ಹೊರಡುವ ಮುನ್ನವೇ ಮಡಗಾಂವಿನಲ್ಲಿ ಕೂರಿಸಿ ಹೇಳುತ್ತೇವೆ. ಅಲ್ಲಿಗೆ ಹೋದ ಮೇಲೆ ಕೇಳುವ ಪ್ರಶ್ನೆಗಳಿಗೆ ಊರಿನ ಹಿರಿಯರೇ ಉತ್ತರಿಸಲಿ. ಮೇಸ್ತ್ರಿಯವರು ಜೊತೆಗೆ ಬರಲು ಒಪ್ಪಿದರೆ ಗೋಡೆಯ ಪಾಠವನ್ನು ಅವರೇ ಮಾಡಬೇಕೆಂದು ನಮ್ಮೆಲ್ಲರ ಕೋರಿಕೆ. ಅನುಮತಿಯನ್ನು ಯಾರಲ್ಲಿ ಕೇಳಬೇಕು ಎಂಬುದಷ್ಟೇ ಉಳಿದಿದೆ.

ಬಾಗಲಕೋಟೆ ಮೇಸ್ತ್ರಿ:

ಭಾನುವಾರವಾದರೆ ತಪ್ಪದೆ ಬರುತ್ತೇನೆ. ಮಕ್ಕಳಿಗೆ ತೋರಿಸಲು ಸುಣ್ಣದ ಗಾರೆಯ ತುಂಡು, ಸಿಮೆಂಟಿನ ತುಂಡು ಎರಡನ್ನೂ ತರುತ್ತೇನೆ. ಎರಡರ ಮೇಲೂ ನೀರು ಹನಿಸಿದರೆ ಅವರಿಗೇ ತಿಳಿಯುತ್ತದೆ.

ಕುಡ್ತರಿ ಸೊಸೆ:

ಇಗರ್ಜಿಯ ಒಳಗೆ ಹೋಗುವುದಕ್ಕೆ ಪಾದ್ರಿಗಳ ಮನೆಯಲ್ಲಿ ಕೇಳಿ, ಕೆರೆ ಮತ್ತು ತೂಬಿನ ವಿಚಾರಕ್ಕೆ ಕೊಮುನಿದಾದ್ ಕಚೇರಿಯಲ್ಲಿ ಕೇಳಿ. ಭಾನುವಾರ ಬೆಳಗಿನ ಪೂಜೆಗಳು ಮುಗಿದ ಮೇಲೆ ಬಂದರೆ ಮಾತನಾಡಲು ಎಲ್ಲರಿಗೂ ಬಿಡುವಿರುತ್ತದೆ. ವಾಹನಗಳನ್ನು ಏರಿಯ ಮೇಲೆ ಸಾಲಾಗಿ ನಿಲ್ಲಿಸಬೇಡಿ, ಮಣ್ಣು ಕುಸಿಯುತ್ತದೆ. ಶಾಲೆಯ ಕಡೆ ಜಾಗ ಹುಡುಕಿಕೊಡುತ್ತೇನೆ. ಊಟದ ವ್ಯವಸ್ಥೆಯ ಚಿಂತೆ ಬೇಡ. ಎಷ್ಟು ಜನ ಬರುತ್ತೀರೆಂದು ಎರಡು ದಿನ ಮುಂಚೆ ತಿಳಿಸಿದರೆ ಹೊಸ ಅಕ್ಕಿಯನ್ನೇ ಹಾಕುತ್ತೇವೆ.